ತೊಳೆದ ಮನೆಯ ಮರಿಗಳು

ನಮ್ಮಕ್ಕನ ಮರಿಮನೆಯೊಳಗೆ ಕಾಲಿಡಬೇಕಾದರೆ ಚಪ್ಪಲಿ ಮೂರು ಸಲ ಬದಲಿಸಬೇಕು. ಬೀದಿಯದು ಗೇಟಿನ ಹತ್ತಿರ, ಅಂಗಳದ್ದು ಮೆಟ್ಟಿಲ ಹತ್ತಿರ, ಒಳಗಿನದು ಬಾಗಿಲ ಹತ್ತಿರ. ಬಾಗಿಲಲ್ಲಿ ಒಂದು ತಗಡಿನ ಟ್ರೇ, ಅದರ ತುಂಬ ಫಿನಾಯಿಲ್ ನೀರು. ಅದರಲ್ಲಿ ಕಾಲದ್ದಿ, ಕೈಗೆ ಸೋಪು ಹಚ್ಚಿ, ತಲೆಗೆ ಬಟ್ಟೆ ಕಟ್ಟಿಕೊಂಡು ಆಮೇಲೆ ಒಳಗೆ. ಒಂದು ಸಲ ಕರೆಂಟಿನ ಮೀಟರ್ ನೋಡಲು ಬಂದವನು ಇಷ್ಟೆಲ್ಲ ಕೇಳಿ, ಒಳಗಿರುವುದು ಕೋಳಿಯೋ ಮಂತ್ರಿಯೋ ಅಂತ ಕೇಳಿದ. ಅಕ್ಕ ನಗಲಿಲ್ಲ. ಅವನ ಕೈಗೂ ಸೋಪು ಕೊಟ್ಟಳು.

ಬೀದಿಯವರು ಅವಳಿಗಿಟ್ಟ ಹೆಸರು ಬ್ಲೀಚಮ್ಮ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ನಾನು ಒಂದು ಸಲ ಬಾಯಿ ತಪ್ಪಿ ಅಂದು, ಎರಡು ದಿನ ಅವಳ ಸಿಡುಕು ತಿಂದಿದ್ದೇನೆ. ನಾನು ಅವಳ ತಂಗಿ. ಹೊಲಿಗೆ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದವಳು, ಹನ್ನೆರಡು ವರ್ಷವಾಯಿತು, ಇನ್ನೂ ಹೋಗಿಲ್ಲ. ನನ್ನ ಬಾಯಿ ಜೋರು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಮನೆಯಲ್ಲಿ ಮೂರನೆಯವರು ಭಾವ, ಅಕ್ಕನ ಗಂಡ. ಲೇತ್ ಮೆಷಿನ್ನಿನ ಮುಂದೆ ಅರ್ಧ ಆಯುಷ್ಯ ಕಳೆದು ಕಿವಿ ಸ್ವಲ್ಪ ಮಂದವಾಗಿದೆ. ಮಾತಂತೂ ಮೊದಲಿನಿಂದಲೂ ಕಡಿಮೆ. ನೀರು ತರುವುದು, ನೀರು ತುಂಬುವುದು, ಮುರಿದದ್ದನ್ನು ರಿಪೇರಿ ಮಾಡುವುದು ಅವರ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಮರಿಗಳು ಕುಡಿಯುವ ಡ್ರಮ್ಮಿಗೆ ಒಂದು ಚಮಚ ಬ್ಲೀಚಿಂಗ್ ಪುಡಿ ಬೀಳಲೇಬೇಕು, ಅದು ಅಕ್ಕನ ಕಾನೂನು. ಒಮ್ಮೊಮ್ಮೆ ಭಾವ ಹಾಕುತ್ತಿದ್ದರು, ಒಮ್ಮೊಮ್ಮೆ ಅವಳೇ.

ಮನೆಯ ಹಿಂದೆ ಎರಡು ಶೆಡ್ಡು. ದೊಡ್ಡದರಲ್ಲಿ ತಾಯಿಕೋಳಿಗಳು, ಚಿಕ್ಕದರಲ್ಲಿ ಮರಿಗಳು. ಎರಡರ ನಡುವಿನ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರ. ಮೊಟ್ಟೆ ಯಂತ್ರದೊಳಗೆ ಇಪ್ಪತ್ತೊಂದು ದಿನ, ಮರಿ ಶೆಡ್ಡಿನಲ್ಲಿ ಆರು ವಾರ, ಆಮೇಲೆ ಸುತ್ತಮುತ್ತಲಿನ ಬೀದಿಯ ಹೆಂಗಸರು ಬಂದು ಬುಟ್ಟಿಯಲ್ಲಿ ಒಯ್ಯುತ್ತಾರೆ. ಬೂದು ಮೈಯ ಮೇಲೆ ಬಿಳಿ ಚುಕ್ಕೆಯ ಕೋಳಿ. ಅದು ಬೇರೆಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದನ್ನು ಮಾಡಿದವಳೇ ನಮ್ಮಕ್ಕ. ಮೂವತ್ತು ವರ್ಷ, ಪ್ರತಿ ವರ್ಷ, ಬಿಸಿಲಿಗೆ ಬಾಯಿ ಬಿಡದ ಕೋಳಿ ಯಾವುದು, ಚಳಿಯಲ್ಲೂ ಮೊಟ್ಟೆಯಿಡುವುದು ಯಾವುದು, ಕಚ್ಚದೆ ಕೈಗೆ ಬರುವುದು ಯಾವುದು ಅಂತ ಒಂದೊಂದಾಗಿ ನೋಡಿ, ಅವುಗಳ ಮರಿಯನ್ನು ಮಾತ್ರ ತಾಯಿಯಾಗಲು ಬಿಟ್ಟು, ಆ ತಳಿಯನ್ನು ಕಟ್ಟಿದಳು. ಅವಳಿಗೆ ಮಕ್ಕಳಿಲ್ಲ. ಅದಕ್ಕೂ ಇದಕ್ಕೂ ಗಂಟು ಹಾಕಿ ಯಾರಾದರೂ ಮಾತಾಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕೆಲಸ ಚೆನ್ನಾಗಿ ಬರುವವರಿಗೆ ಕೆಲಸವೇ ಸಾಕು, ಬೇರೆ ಕಾರಣ ಬೇಕಿಲ್ಲ.

ಕಷ್ಟ ಶುರುವಾದದ್ದು ಹೋದ ವರ್ಷ. ಒಂದು ಕಂತಿನ ಮರಿಗಳು ನಾಲ್ಕನೇ ದಿನ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಕಾವಿನ ದೀಪದ ಕೆಳಗೆ ಗುಂಪುಗಟ್ಟಿದವು. ಹಿಂಭಾಗಕ್ಕೆ ಬಿಳಿ ಹಿಕ್ಕೆ ಮೆತ್ತಿಕೊಂಡಿತ್ತು. ವಾರದಲ್ಲಿ ಇನ್ನೂರರಲ್ಲಿ ನೂರ ಮೂವತ್ತು ಹೋದವು. ಅಕ್ಕ ಶೆಡ್ಡನ್ನು ತೊಳೆದಳು. ತೊಳೆದಳು ಅಂದರೆ ಸಾಲದು, ಗೋಡೆಯ ಬಣ್ಣ ಕಿತ್ತು ಬರುವ ಹಾಗೆ ಉಜ್ಜಿದಳು. ಮುಂದಿನ ಕಂತಿಗೆ ಮೊದಲ ದಿನದಿಂದಲೇ ನೀರಿನಲ್ಲಿ ಔಷಧಿ ಹಾಕಿದಳು, ರೋಗ ಬರುವ ಮೊದಲೇ ಐದು ದಿನ. ಐದು ದಿನ ಮರಿಗಳು ಚೆನ್ನಾಗಿದ್ದವು. ಔಷಧಿ ನಿಲ್ಲಿಸಿದ ಮೂರನೇ ದಿನ ಮತ್ತೆ ಅದೇ ಕಥೆ. ಮೂರನೇ ಕಂತಿಗೆ ಎರಡರಷ್ಟು ತೊಳೆದಳು, ಎರಡರಷ್ಟು ಔಷಧಿ. ಆ ಸಲ ಉಳಿದದ್ದು ಹನ್ನೊಂದು, ಅವುಗಳನ್ನೂ ಸೋಂಕು ಇಟ್ಟುಕೊಂಡಿವೆ ಅಂತ ತೆಗೆಸಬೇಕಾಯಿತು.

ಅಷ್ಟು ಹೊತ್ತಿಗೆ ತಾಯಿಕೋಳಿಗಳಿಗೆ ವಯಸ್ಸಾಗಿತ್ತು. ಉಳಿದದ್ದು ಮೂವತ್ತೊಂದು. ಅವುಗಳ ಜಾಗಕ್ಕೆ ಬರಬೇಕಾದ ಎಳೆಯ ಕೋಳಿಗಳು ಆ ಮೂರು ಕಂತಿನಲ್ಲೇ ಮಣ್ಣು ಸೇರಿದ್ದವು. ಹತ್ತು ದಿನ ಕೂಡಿಸಿದರೂ ಮೊಟ್ಟೆ ಸಿಕ್ಕಿದ್ದು ನೂರ ಇಪ್ಪತ್ತನಾಲ್ಕು. ಅದಾದ ಮೇಲೆ ದಿನಕ್ಕೆ ಎರಡು, ಒಂದು, ಕೆಲವು ದಿನ ಏನೂ ಇಲ್ಲ. ಆ ನೂರ ಇಪ್ಪತ್ತನಾಲ್ಕನ್ನು ಯಂತ್ರದಲ್ಲಿಟ್ಟು ಬಾಗಿಲು ಹಾಕಿದ ಅಕ್ಕ, ಇವು ಉಳಿದರೆ ತಳಿ ಉಳೀತು, ಇಲ್ಲದಿದ್ದರೆ ಇಲ್ಲಿಗೆ ಮುಗೀತು ಅಂದಳು. ದಿನಸಿ ಪಟ್ಟಿ ಹೇಳುವ ಧಾಟಿಯಲ್ಲೇ ಅಂದಳು. 

ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನನ್ನು ನಾನೇ ಹೋಗಿ ಕರೆತಂದೆ. ಸಣ್ಣ ವಯಸ್ಸು, ಸ್ಕೂಟರು, ಹೆಗಲಿಗೊಂದು ಚೀಲ. ಗೇಟಿನಲ್ಲಿ ಚಪ್ಪಲಿ ಬಿಡಿ ಅಂದಾಗಲೇ ಆಕೆಗೆ ಅರ್ಧ ಅರ್ಥವಾಗಿರಬೇಕು. ಶೆಡ್ಡು ನೋಡಿದಳು, ಹಿಂದಿನ ಚರಂಡಿಗೆ ಹತ್ತಿ ಅದ್ದಿ ಸೀಸೆಗೆ ಹಾಕಿಕೊಂಡಳು, ಮೇವಿನ ಚೀಲದ ಹಿಂದೆ ಟಾರ್ಚು ಬಿಟ್ಟು ಇಲಿಹಿಕ್ಕೆ ತೋರಿಸಿದಳು. ರೋಗ ಬರುತ್ತಿರುವುದು ಇಲಿಯಿಂದ, ಬರುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಆದರೆ ಬಂದದ್ದು ಇಷ್ಟು ಸಲೀಸಾಗಿ ಮರಿಗಳ ಕರುಳಲ್ಲಿ ತಳವೂರುತ್ತಿರುವುದು ಯಾಕೆ ಅನ್ನುವುದೇ ಪ್ರಶ್ನೆ ಅಂದಳು.

ಆಮೇಲೆ ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊಟ್ಟೆಯಿಂದ ಹೊರಬಂದ ಮರಿಯ ಕರುಳು ಖಾಲಿ ಮನೆ. ತಾಯಿಕೋಳಿಯ ಜೊತೆ ಬೆಳೆಯುವ ಮರಿ ಮೊದಲ ದಿನವೇ ತಾಯಿಯ ಹಿಕ್ಕೆ ಕೆದಕುತ್ತದೆ, ಅದರಿಂದ ಸಾವಿರಾರು ಬಗೆಯ ಒಳ್ಳೆಯ ಕ್ರಿಮಿಗಳು ಅದರ ಹೊಟ್ಟೆ ಸೇರಿ ಇದ್ದಬದ್ದ ಜಾಗವನ್ನೆಲ್ಲ ಹಿಡಿದುಕೊಳ್ಳುತ್ತವೆ. ಇರುವ ಆಹಾರವನ್ನು ಅವೇ ತಿನ್ನುತ್ತವೆ, ರೋಗದ ಕ್ರಿಮಿಗೆ ಹಿಡಿಸದ ಹುಳಿಯನ್ನೂ ಬಿಡುತ್ತವೆ. ಆಮೇಲೆ ಅದು ಬಂದರೂ ಕೂರಲು ಜಾಗವಿಲ್ಲ, ತಿನ್ನಲು ಕೂಳಿಲ್ಲ. ಯಂತ್ರದಲ್ಲಿ ಹುಟ್ಟಿದ ಮರಿ ತಾಯಿಯ ಮುಖವನ್ನೇ ನೋಡಿಲ್ಲ. ಅದರ ಮೇಲೆ ಅಕ್ಕನ ಮರಿಮನೆಯಲ್ಲಿ ಒಳ್ಳೆಯದಾಗಲಿ ಕೆಟ್ಟದಾಗಲಿ ಒಂದು ಕ್ರಿಮಿಯೂ ಇಲ್ಲ. ಮೊದಲು ನುಗ್ಗಿದ್ದೇ ಯಜಮಾನ. ಔಷಧಿಯೂ ಹಾಗೆಯೇ, ಇವರು ನಮ್ಮವರು ಅವರು ಬೇರೆಯವರು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಎಲ್ಲರನ್ನೂ ಒಟ್ಟಿಗೆ ಹೊರಗಟ್ಟುತ್ತದೆ.

"ಅಂದ್ರೆ ನಾನು ತೊಳೆದಿದ್ದೇ ತಪ್ಪು ಅಂತೀರಾ?" ಅಂದಳು ಅಕ್ಕ.

ಡಾಕ್ಟರಮ್ಮ ಪಾಪ ತಡವರಿಸಿದಳು. ತೊಳೆದದ್ದು ತಪ್ಪಲ್ಲ, ತೊಳೆದ ಮೇಲೆ ಒಳ್ಳೆಯದನ್ನು ತಂದು ಕೂರಿಸದೆ ಇದ್ದದ್ದು ತಪ್ಪು ಅಂತ ಏನೋ ಹೇಳಿದಳು. ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಂತು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದು, ಏನು ಮಾಡಬೇಕು ಹೇಳಿ ಅಂದಳು. ನಾನು ಅವಳನ್ನು ಆವತ್ತು ಮೆಚ್ಚಿದಷ್ಟು ಯಾವತ್ತೂ ಮೆಚ್ಚಿಲ್ಲ.

ಮಾಡಬೇಕಾದದ್ದು ಇಷ್ಟು. ಒಳ್ಳೆಯ ಕ್ರಿಮಿಗಳದ್ದೇ ತಯಾರಾದ ಪೊಟ್ಟಣ ಸಿಗುತ್ತದೆ, ಆದರೆ ದೂರದಿಂದ ಬರಬೇಕು, ಮರಿ ಒಡೆಯುವ ಹೊತ್ತಿಗೆ ಬರುತ್ತದೋ ಇಲ್ಲವೋ ಹೇಳಲಾಗದು. ಬರದಿದ್ದರೆ ನಮ್ಮದೇ ಕೋಳಿಗಳ ಹಿಕ್ಕೆಯನ್ನು ನೀರಿನಲ್ಲಿ ಕಲಸಿ ಮೊದಲ ದಿನವೇ ಮರಿಗಳಿಗೆ ಕುಡಿಸಬೇಕು. ಕೋಳಿಗೆ ಯಾವ ರೋಗವೂ ಇರಬಾರದು, ಇದ್ದರೆ ನಾವೇ ಕೈಯಾರೆ ವಿಷ ಕುಡಿಸಿದ ಹಾಗೆ. ಡಾಕ್ಟರಮ್ಮ ನಾಲ್ಕು ಕೋಳಿ ಆರಿಸಿ ಬೇರೆ ಬೇರೆ ಗೂಡಿನಲ್ಲಿಡಿಸಿದಳು. ವಾರಕ್ಕೊಂದರಂತೆ ಮೂರು ಸಲ ರಕ್ತ, ಹಿಕ್ಕೆ ಎಲ್ಲ ಪ್ರಯೋಗಾಲಯಕ್ಕೆ ಹೋಯಿತು. ಎರಡನೇ ವಾರ ಒಂದು ಕೋಳಿಯಲ್ಲಿ ರೋಗದ ಕ್ರಿಮಿ ಸಿಕ್ಕಿತು. ಅದು ದೊಡ್ಡ ಶೆಡ್ಡಿನಲ್ಲಿ ಉಳಿದವುಗಳ ಜೊತೆಯೇ ಬೆಳೆದದ್ದು, ಹಾಗಾಗಿ ಆ ಶೆಡ್ಡಿನ ಮೇಲೆ ನಂಬಿಕೆ ಹೋಯಿತು. ಉಳಿದದ್ದು ಮೂರು.

ಆ ಮೂರರಲ್ಲಿ ಒಂದು ಯಜಮಾನಿ. ಅವಳ ಬಗ್ಗೆ ಹೇಳಲೇಬೇಕು. ಐದು ವರ್ಷದ ಕೋಳಿ, ಎಲ್ಲಕ್ಕಿಂತ ಹಿರಿಯಳು. ಶೆಡ್ಡಿನಲ್ಲಿ ಒಂದು ದಿನ ನೆಟ್ಟಗೆ ನಿಂತವಳಲ್ಲ. ಗೊಬ್ಬರದ ಗುಂಡಿ ಕೆದಕುವುದು, ಹಿತ್ತಿಲ ಗೋಡೆಯ ಮೇಲೆ ಮಲಗುವುದು, ಅಡುಗೆಮನೆ ಕಿಟಕಿಯಲ್ಲಿ ಬಂದು ಕೂಗುವುದು. ಪಕ್ಕದಲ್ಲೇ ಮೂರು ಸಲ ರೋಗ ಬಂದರೂ ಅವಳಿಗೆ ಒಂದು ಸೀನೂ ಬಂದಿರಲಿಲ್ಲ. ಜಗತ್ತಿನಲ್ಲಿ ಅಕ್ಕ ತೊಳೆಯದೆ ಬಿಟ್ಟದ್ದು ಅವಳೊಬ್ಬಳನ್ನೇ. ಬೆಳಿಗ್ಗೆ ಎದ್ದರೆ ಮೊದಲ ಮಾತು ಅವಳ ಜೊತೆ, ಗಂಡನ ಜೊತೆ ಆಮೇಲೆ. ನಾನು ರೇಗಿಸುತ್ತಿದ್ದೆ, ಭಾವನಿಗೆ ಸವತಿ ಅಂತ. ಭಾವ ತಲೆ ಕುಣಿಸುತ್ತಿದ್ದರು.

ಬೇಕಾದ ಹಿಕ್ಕೆ ಎಲ್ಲ ಹಿಕ್ಕೆಯಂತಲ್ಲ. ಕೋಳಿಯ ಕರುಳಿಗೆ ಅಂಟಿಕೊಂಡು ಎರಡು ಚೀಲ ಇರುತ್ತವಂತೆ, ಒಳ್ಳೆಯ ಕ್ರಿಮಿಗಳ ಸಂಸಾರವೆಲ್ಲ ಅಲ್ಲೇ. ಅಲ್ಲಿಂದ ಬರುವ ಹಿಕ್ಕೆ ಕಂದು ಬಣ್ಣ, ಗಂಜಿಯಂತೆ ಮಂದ, ವಾಸನೆಯಂತೂ ದೇವರೇ ಗತಿ. ದಿನಕ್ಕೆ ಬರುವುದೇ ಮೂರೋ ನಾಲ್ಕೋ ಸಲ. ಗಾಳಿ ತಾಗಿ ಹೊತ್ತಾದರೆ ಕ್ರಿಮಿಗಳು ಸಾಯುತ್ತವೆ, ಬಿಸಿಬಿಸಿಯಾಗಿದ್ದಾಗಲೇ ತೆಗೆಯಬೇಕು. ಮೂವತ್ತು ವರ್ಷ ಹಿಕ್ಕೆಯನ್ನು ಕಂಡರೆ ಶತ್ರುವನ್ನು ಕಂಡಂತೆ ಓಡಿಸಿದ ನಮ್ಮಕ್ಕ, ಕುದಿಸಿದ ಚಮಚ ಹಿಡಿದು ಕೋಳಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದನ್ನು ಅಭ್ಯಾಸ ಮಾಡಿದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕರೆ ಕೋಳಿ ಹೆದರುತ್ತೆ ಅಂತ ಗದರುತ್ತಿದ್ದಳು.

ಇಪ್ಪತ್ತನೇ ದಿನ ಮೂರನೇ ವರದಿ ಬಂತು, ಮೂರೂ ಕೋಳಿ ಶುದ್ಧ. ಪೊಟ್ಟಣ ಬರಲಿಲ್ಲ. ಮಾರನೇ ದಿನಕ್ಕೆ ಬೇಕಾದ ನೀರನ್ನು ಅಕ್ಕ ಆವತ್ತೇ ಕುದಿಸಿ, ಆರಿಸಿ, ಡ್ರಮ್ಮಿಗೆ ಹಾಕಿ ಮುಚ್ಚಳ ಮುಚ್ಚಿದಳು. ಬ್ಲೀಚಿಂಗ್ ಪುಡಿ ಮಾತ್ರ ಬೀಳಬಾರದು, ಬಿದ್ದರೆ ಒಳ್ಳೆಯ ಕ್ರಿಮಿಗಳೆಲ್ಲ ನೀರಿನಲ್ಲೇ ಸತ್ತವು ಅಂತ ಡಾಕ್ಟರಮ್ಮ ಎರಡು ಸಲ ಹೇಳಿದ್ದಳು. ಅಕ್ಕ ಅದನ್ನು ನಮ್ಮಿಬ್ಬರಿಗೂ ಹತ್ತು ಸಲ ಹೇಳಿದಳು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಯಂತ್ರದ ಗಾಜಿನೊಳಗೆ ನೋಡಿದರೆ ಎಲ್ಲೆಲ್ಲೂ ಒದ್ದೆ ಮರಿಗಳು. ತೊಂಬತ್ತೇಳು. ಎಂಟು ಗಂಟೆಗೆ ಮೈ ಆರಿ ಚಿಂವ್‌ಗುಟ್ಟತೊಡಗಿದವು. ಆ ಹೊತ್ತಿಗೆ ಮೂರು ಕೋಳಿಗಳಿಂದಲೂ ಬೇಕಾದದ್ದು ಸಿಕ್ಕಿತ್ತು. ಅಕ್ಕ ಅದನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಮರಿಗಳ ಮುಂದಿಟ್ಟಳು. ಒಂದೊಂದು ಮರಿಯ ಕೊಕ್ಕನ್ನು ತಾನೇ ಅದ್ದಿದಳು. ಅವು ಕುಡಿದು ತಲೆಯೆತ್ತಿದವು.  ಆಗಿಹೋಯಿತಲ್ಲ ಅನ್ನುವ ಖುಷಿಗೆ ನಾನು ಮೂರರಲ್ಲಿ ಎರಡು ಕೋಳಿಗಳನ್ನು ಎತ್ತಿಕೊಂಡು ಹೋಗಿ ದೊಡ್ಡ ಶೆಡ್ಡಿಗೆ ಬಿಟ್ಟೆ. ಯಜಮಾನಿಯನ್ನು ಹಿಡಿಯಲು ಹೋದರೆ ಕೈ ಕುಕ್ಕಿದಳು. ಸಾಯಿ ಅಲ್ಲೇ ಅಂತ ಬಿಟ್ಟು ಬಂದೆ.

ಹತ್ತೂವರೆಗೆ ಇನ್ನಷ್ಟು ನೀರು ಬೇಕಾಯಿತು. ಡ್ರಮ್ಮು ತಳ ಕಾಣುತ್ತಿತ್ತು, ಬಗ್ಗಿ ತಲೆ ಒಳಗಿಟ್ಟೆ. ಮೂಗಿಗೆ ರಪ್ಪನೆ ಹೊಡೆಯಿತು. ಆ ಮನೆಯಲ್ಲಿ ಬ್ಲೀಚಿನ ವಾಸನೆ ಹೊಸದೇನಲ್ಲ, ಗೋಡೆಗೂ ಅದೇ, ನಮ್ಮ ಬಟ್ಟೆಗೂ ಅದೇ, ಹಾಗಾಗಿ ಬೆಳಿಗ್ಗೆಯಿಂದ ಯಾರ ಮೂಗಿಗೂ ಗೊತ್ತಾಗಿರಲಿಲ್ಲ. ಆದರೆ ಡ್ರಮ್ಮಿನ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಬೆರಳಿಂದ ಮುಟ್ಟಿದೆ. ಬ್ಲೀಚಿಂಗ್ ಪುಡಿಯೇ.

ಭಾವ ಪಕ್ಕದಲ್ಲೇ ಬಕೆಟ್ಟು ಹಿಡಿದು ನಿಂತಿದ್ದರು.

"ಪುಡಿ ಹಾಕಿದ್ರಾ?" ಅಂದೆ.

ಅವರು ಡ್ರಮ್ಮಿನೊಳಗೆ ನೋಡಿದರು. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಅಕ್ಕ ಅಲ್ಲಿ ಬಂದು ನಿಂತಿದ್ದಳು. ಭಾವ ಮುಚ್ಚಳ ಎತ್ತಿ ಡ್ರಮ್ಮಿನ ಮೇಲಿಟ್ಟರು. ನನಗೆ ಅಷ್ಟು ಸಾಕಾಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಹತ್ತು ಸಲ ಹೇಳಿದರೂ ಕಿವಿಗೆ ಹೋಗಲಿಲ್ಲವೇ, ತಲೆ ಎಲ್ಲಿ ಅಡವಿಟ್ಟು ಬಂದಿದ್ದೀರಿ, ಮೂವತ್ತು ವರ್ಷ ನಮ್ಮಕ್ಕ ಕಟ್ಟಿದ್ದನ್ನು ಒಂದು ಚಮಚದಲ್ಲಿ ಮುಗಿಸಿದಿರಲ್ಲ, ನಿಮ್ಮಂಥವರು ಮನೆಯಲ್ಲಿದ್ದರೆ ಇಲಿ ಬೇರೆ ಯಾಕೆ ಬೇಕು ಅಂತ. ಇನ್ನೂ ಅಂದಿದ್ದೇನೆ, ಬರೆಯಲು ನಾಚಿಕೆಯಾಗುತ್ತದೆ. ಅವರು ತುಟಿ ಪಿಟಕ್ಕೆನ್ನದೆ ನಿಂತು ಕೇಳಿಸಿಕೊಂಡರು. ಅಕ್ಕ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದವಳು ಒಳಗೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಡಾಕ್ಟರಮ್ಮ ಬರುವಷ್ಟರಲ್ಲಿ ಹನ್ನೆರಡು ಗಂಟೆ. ಕುಡಿಸಿದ್ದು ದಂಡ, ಎಲ್ಲವೂ ಸತ್ತಿರುತ್ತವೆ, ಇವತ್ತೇ ಮತ್ತೆ ಕುಡಿಸಬೇಕು ಅಂದಳು. ನಾಳೆಯವರೆಗೆ ಕಾಯಬಾರದೇ ಅಂತ ನಾನು ಕೇಳಿದೆ. ಆಕೆ ಮರಿಗಳ ಕೆಳಗೆ ಹಾಸಿದ್ದ ಕಾಗದದ ಮೂಲೆ ತೋರಿಸಿದಳು. ಅಲ್ಲಿ ಕಪ್ಪಗೆ ಅಕ್ಕಿಕಾಳಿನಷ್ಟು ಉದ್ದದ್ದು ಎರಡು ಬಿದ್ದಿದ್ದವು. ಇಲಿ ಆಗಲೇ ಬಂದು ಹೋಗಿತ್ತು, ಮರಿಗಳು ಕಾಗದವನ್ನೆಲ್ಲ ಕುಕ್ಕುತ್ತ ಓಡಾಡುತ್ತಿದ್ದವು. ಯಾರು ಮೊದಲು ಒಳಗೆ ಹೋಗುತ್ತಾರೆ ಅನ್ನುವುದು ಇನ್ನು ಗಂಟೆಗಳ ಲೆಕ್ಕ.

ಮೂರೂ ಕೋಳಿ ಎಲ್ಲಿ ಅಂತ ಡಾಕ್ಟರಮ್ಮ ಕೇಳಿದಳು.  ಎರಡನ್ನು ದೊಡ್ಡ ಶೆಡ್ಡಿಗೆ ಬಿಟ್ಟುಬಿಟ್ಟೆ ಅಂದೆ. ಆ ಶೆಡ್ಡಿನಲ್ಲಿ ಸೋಂಕು ಇದೆ, ಆ ಎರಡನ್ನು ಇನ್ನು ನಂಬುವಂತಿಲ್ಲ ಅಂದಳು. ನನ್ನನ್ನು ಯಾರೂ ಬೈಯಲಿಲ್ಲ. ಉಳಿದದ್ದು ಯಜಮಾನಿ ಒಬ್ಬಳೇ. ಅವಳು ಬೆಳಿಗ್ಗೆ ಕೊಡುವುದನ್ನು ಕೊಟ್ಟಾಗಿತ್ತು, ಅಷ್ಟೊಂದು ಮರಿಗೆ ಸಾಕಾಗುವಷ್ಟು ಮತ್ತೆ ಸಿಗಬೇಕಾದರೆ ಸಂಜೆಯೋ ನಾಳೆಯೋ.

ಡಾಕ್ಟರಮ್ಮ ಹೆಗಲ ಚೀಲದ ಪಟ್ಟಿ ತಿರುವಿದಳು. ಆಮೇಲೆ, "ಅವಳ ಕರುಳಿನ ಆ ಎರಡು ಚೀಲದಲ್ಲಿ ಇರೋದು ನೂರು ಮರಿಗೆ ಸಾಕಾಗುತ್ತೆ. ಆದ್ರೆ ಅದು ಬೇಕು ಅಂದ್ರೆ ಕೋಳಿ ಉಳಿಯಲ್ಲ," ಅಂದಳು.

 ಒಳಗೆ ಮರಿಗಳ ಗಲಾಟೆ. ಅಕ್ಕ ತನ್ನ ತಾಯಿಕೋಳಿಯನ್ನು ಯಾವತ್ತೂ ಕೊಯ್ದವಳಲ್ಲ, ಕೊಯ್ಯಲು ಕೊಟ್ಟವಳೂ ಅಲ್ಲ. ಮುದಿಯಾದವು ಹಿತ್ತಿಲಲ್ಲಿ ಓಡಾಡಿಕೊಂಡಿದ್ದು ತಾವಾಗಿ ಸಾಯುತ್ತಿದ್ದವು. ಬೇಡ ಅನ್ನುತ್ತಾಳೆ ಅಂತಲೇ ನಾನು ಅಂದುಕೊಂಡೆ. ಬೇಡ ಅನ್ನಲಿ ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಅವಳು ಗೂಡಿನ ಕಡೆ ನಡೆದಳು. ಬಾಗಿಲು ತೆಗೆದು ಎದುರಿಗೆ ಕೂತು ನಾಲಿಗೆಯಲ್ಲಿ ಟಕ್ ಟಕ್ ಅಂದಳು. ನನ್ನ ಕೈ ಕುಕ್ಕಿದ ಆ ಘಾಟಿ ಕೋಳಿ ತಾನಾಗಿ ನಡೆದು ಬಂದು ಅವಳ ಮಡಿಲು ಹತ್ತಿತು.

ನೀವು ಒಳಗೆ ಹೋಗಿ, ನಾನು ನೋಡಿಕೊಳ್ಳುತ್ತೇನೆ ಅಂದಳು ಡಾಕ್ಟರಮ್ಮ.

"ಬೇರೆಯವರು ಹಿಡಿದರೆ ಹೆದರುತ್ತೆ. ನಾನೇ ಹಿಡ್ಕೊಳ್ತೀನಿ," ಅಂದಳು ಅಕ್ಕ.

ಹಿಡಿದುಕೊಂಡಳು. ಕೊನೆಯವರೆಗೂ ಅದರ ಜೊತೆ ಏನೋ ಮಾತಾಡುತ್ತಲೇ ಇದ್ದಳು, ದಿನಾ ಬೆಳಿಗ್ಗೆ ಆಡುವ ಅದೇ ಮಾತುಗಳು. ನಾನು ಆ ಕಡೆ ತಿರುಗಿ ನಿಂತಿದ್ದೆ. ಡಾಕ್ಟರಮ್ಮನ ಕೈ ಚುರುಕು, ತುಂಬ ಹೊತ್ತು ಹಿಡಿಯಲಿಲ್ಲ.

ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ತೊಂಬತ್ತೇಳು ಮರಿಗಳಿಗೆ ಒಂದೊಂದಕ್ಕೆ ಎರಡೆರಡು ಹನಿ ಬಾಯಿಗೆ ಬಿಟ್ಟೆವು. ಈ ಸಲ ನೀರು ಹೊಸ ಪಾತ್ರೆಯಲ್ಲಿ ಕುದಿಸಿದ್ದು, ಡಾಕ್ಟರಮ್ಮನೇ ನಿಂತು ಆರಿಸಿದ್ದು. ಅಕ್ಕ ಮರಿ ಹಿಡಿಯುವುದು, ನಾನು ಹನಿ ಬಿಡುವುದು, ಭಾವ ಈ ಬುಟ್ಟಿಯಿಂದ ಆ ಬುಟ್ಟಿಗೆ ಎಣಿಸಿ ಹಾಕುವುದು. ನಾನು ಭಾವನ ಕಡೆ ನೋಡಲೂ ಇಲ್ಲ.  ಯಜಮಾನಿ ಸತ್ತದ್ದು ಅವರ ಮರೆವಿಗೆ ಅನ್ನುವುದು ನನ್ನ ತೀರ್ಮಾನವಾಗಿತ್ತು. ಆವತ್ತಿನಿಂದ ಅವರ ತಟ್ಟೆಯನ್ನು ಕುಕ್ಕಿ ಇಡುತ್ತಿದ್ದೆ, ನೀರು ಕೇಳಿದರೆ ಚೊಂಬನ್ನು ತೋರಿಸುತ್ತಿದ್ದೆ.

ಆಮೇಲಿನ ದಿನಗಳು ದೇವರಿಗೇ ಪ್ರೀತಿ. ಔಷಧಿ ಹಾಕುವಂತಿಲ್ಲ, ತೊಳೆಯುವಂತಿಲ್ಲ, ಹಾಸಿದ ಹೊಟ್ಟನ್ನು ಬದಲಿಸುವಂತೆಯೂ ಇಲ್ಲ. ಅಕ್ಕನಿಗೆ ಮಾಡಲು ಏನೂ ಇರಲಿಲ್ಲ, ನೋಡುವುದೊಂದೇ. ಮೂರನೇ ದಿನ ಒಂದು ಮರಿ ರೆಕ್ಕೆ ಇಳಿಬಿಟ್ಟಿತು. ನಾಲ್ಕನೇ ದಿನ ಎರಡು ಸತ್ತವು. ಐದನೇ ದಿನ ಬೆಳಿಗ್ಗೆ ಮತ್ತೆ ಮೂರು. ಹಿಂದಿನ ಮೂರು ಸಲವೂ ಶುರುವಾದದ್ದು ಹೀಗೇ. ಸತ್ತವನ್ನು ಡಾಕ್ಟರಮ್ಮ ಪರೀಕ್ಷೆಗೆ ಒಯ್ದಳು, ಯಾಕೆ ಸತ್ತವು ಅಂತ ಆಕೆಗೂ ಗೊತ್ತಿರಲಿಲ್ಲ. ಅಕ್ಕ ಕಪಾಟಿನಿಂದ ಔಷಧಿಯ ಡಬ್ಬಿ ತೆಗೆದು ಡ್ರಮ್ಮಿನ ಹತ್ತಿರ ಹೋದಳು. ಮುಚ್ಚಳ ತೆಗೆದು ಎಷ್ಟೋ ಹೊತ್ತು ಹಾಗೇ ನಿಂತಳು. ನಾನು ಹಿಂದೆ ನಿಂತು ಕಣ್ಣು ಮುಚ್ಚಿಕೊಂಡೆ, ಏನಾದರೂ ಹೇಳಿದರೆ ಜಗಳವಾಗುತ್ತಿತ್ತು. ಕೊನೆಗೆ ತಿರುಗಿ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು. ಇದನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಎಲ್ಲಾದರೂ ಇಡು, ಎಲ್ಲಿಟ್ಟೆ ಅಂತ ಕೇಳಿದರೂ ಹೇಳಬೇಡ ಅಂದಳು. ಒಳಗೆ ಹೋಗಿ ಊಟ ಮಾಡದೆ ಮಲಗಿದಳು.

ಆರನೇ ದಿನ ಒಂದು ಹೋಯಿತು. ಏಳನೇ ದಿನ ಯಾವುದೂ ಹೋಗಲಿಲ್ಲ. ಎಂಟನೇ ದಿನವೂ ಇಲ್ಲ. ಒಂಬತ್ತನೇ ದಿನ ಮರಿಗಳು ಸುತ್ತ ಕಟ್ಟಿದ್ದ ಗಿಡ್ಡ ಬೇಲಿ ಹಾರಿ ನನ್ನ ಕಾಲ ಮೇಲೆ ಹಿಕ್ಕೆ ಹಾಕಿದವು, ನಾನು ಬೈಯಲಿಲ್ಲ. ಹದಿನಾಲ್ಕನೇ ದಿನ ಡಾಕ್ಟರಮ್ಮ ಬಂದು ಹಿಕ್ಕೆ, ಹೊಟ್ಟು, ಚರಂಡಿ, ಇಲಿಯ ಹಿಕ್ಕೆ, ಎಲ್ಲವನ್ನೂ ಬೇರೆ ಬೇರೆ ಸೀಸೆಯಲ್ಲಿ ತುಂಬಿ ಒಯ್ದಳು. ಮರಿಗಳು ಓಡಾಡಿಕೊಂಡಿದ್ದ ಮಾತ್ರಕ್ಕೆ ಆಯಿತು ಅನ್ನುವಂತಿಲ್ಲ, ಒಳಗೆ ಸೋಂಕು ಇಟ್ಟುಕೊಂಡಿದ್ದರೆ ಇವುಗಳನ್ನೂ ತೆಗೆಯಬೇಕಾಗುತ್ತದೆ ಅಂತ ಹೋಗುವಾಗ ಹೇಳಿದಳು. ಮುಂದಿನ ಮೂರು ದಿನ ಫೋನ್ ಸದ್ದು ಮಾಡಿದರೆ ಸಾಕು, ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನಾನು ಮಾತ್ರ ಭಾವನನ್ನು ಬಿಟ್ಟು ಅಕ್ಕನ ಮುಖವನ್ನೇ ನೋಡುತ್ತಿದ್ದೆ.

ಹದಿನೇಳನೇ ದಿನ ಹನ್ನೊಂದು ಗಂಟೆಗೆ ಫೋನ್ ಬಂತು. ಅಕ್ಕ ಹೂಂ, ಹೂಂ ಅನ್ನುತ್ತ ಕೇಳಿಸಿಕೊಂಡಳು. ಫೋನ್ ಇಟ್ಟು ನನಗೆ ಹೇಳಿದಳು. ಸತ್ತ ಆರು ಹುಟ್ಟುವಾಗಲೇ ಹೊಕ್ಕುಳು ಸರಿಯಾಗಿ ಮುಚ್ಚಿಕೊಳ್ಳದ ಬಡಕಲು ಮರಿಗಳು. ಚರಂಡಿಯಲ್ಲಿ ರೋಗದ ಕ್ರಿಮಿ ಇದೆ, ಇಲಿಹಿಕ್ಕೆಯಲ್ಲೂ ಇದೆ. ತೊಂಬತ್ತೊಂದು ಮರಿಗಳಲ್ಲಿ ಎಲ್ಲೂ ಇಲ್ಲ. ಬಾಗಿಲವರೆಗೆ ಬಂದರೂ ಒಳಗೆ ಕೂರಲು ಅದಕ್ಕೆ ಜಾಗವೇ ಸಿಕ್ಕಿಲ್ಲ.

ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಅಕ್ಕ ನಗಲಿಲ್ಲ. ಸೀದಾ ಮರಿಮನೆಯ ಹಿಂದಕ್ಕೆ ನಡೆದಳು. ನಾನೂ ಓಡಿದೆ. ಭಾವ ಮಂಡಿಯೂರಿ ಗೋಡೆಯ ಬುಡದ ಇಲಿತೂತಿಗೆ ಗಾಜಿನ ಚೂರು, ಸಿಮೆಂಟು ತುಂಬುತ್ತಿದ್ದರು. ಅಕ್ಕ ಅವರ ಎದುರು ಹೋಗಿ ನಿಂತು, ಕಿವಿ ಮಂದ ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

"ಆವತ್ತು ಡ್ರಮ್ಮಿಗೆ ಪುಡಿ ಹಾಕಿದ್ದು ನಾನು. ಎದ್ದು ಬಂದವಳು ನಿದ್ದೆಗಣ್ಣಲ್ಲಿ, ದಿನಾ ಹಾಕೋ ಹಾಗೆ ಹಾಕಿಬಿಟ್ಟಿದ್ದೆ. ಇವಳು ನಿಮ್ಮನ್ನ ಬೈತಿದ್ದಾಗ ಬಾಗಿಲಲ್ಲೇ ಇದ್ದೆ. ನನಗೆ ಬಾಯಿ ಬರಲಿಲ್ಲ."



ಭಾವ ಸಿಮೆಂಟಿನ ಕರಣೆ ಕೆಳಗಿಟ್ಟರು. "ಗೊತ್ತಿತ್ತು," ಅಂದರು. "ನಾನು ಹಾಕಿಲ್ಲ, ಇವಳು ಯಾವತ್ತೂ ಪುಡಿ ಮುಟ್ಟೋಳಲ್ಲ. ಇನ್ಯಾರು ಉಳಿದರು?"

"ಗೊತ್ತಿದ್ರೆ ಒಂದು ಮಾತು ಅನ್ನಬಾರದಾಗಿತ್ತಾ? ಇಷ್ಟು ದಿನ ಇವಳ ಕೈಲಿ ಹೀಗೆ ಅನ್ನಿಸಿಕೊಂಡು..."

"ಆವತ್ತು ಹೇಳಿದ್ರೆ ನೀನು ಅಲ್ಲೇ ಕುಸಿದು ಕೂತ್ಕೊಳ್ತಿದ್ದೆ. ಆಮೇಲೆ ಆ ಕೋಳೀನ ಕರೆಯೋರು ಯಾರು? ನಾವು ಕರೆದರೆ ಅದು ಬರ್ತಿತ್ತಾ?"

ಅಕ್ಕ ಅಲ್ಲೇ ಸಿಮೆಂಟಿನ ಧೂಳಿನಲ್ಲಿ ಕೂತುಬಿಟ್ಟಳು. ಯಜಮಾನಿ ಹೋದ ಮೇಲೆ ಮೊದಲ ಸಲ ಅತ್ತಳು, ಸೆರಗು ಬಾಯಿಗೊತ್ತಿಕೊಂಡು, ಮೈ ಅಲುಗುವ ಹಾಗೆ. ಭಾವ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟರು, ಆ ಕೈಗೆ ಸಿಮೆಂಟು ಮೆತ್ತಿತ್ತು. ನಾನು ಚೊಂಬಿನಲ್ಲಿ ನೀರು ತಂದು ಭಾವನ ಪಕ್ಕದಲ್ಲಿಟ್ಟೆ. ಹದಿನೇಳು ದಿನ ಆ ಮನುಷ್ಯ ನಾನು ಕುಕ್ಕಿಟ್ಟ ತಟ್ಟೆಯಲ್ಲೇ ಉಂಡು, ಎದ್ದು ತೊಳೆದಿಟ್ಟು ಹೋಗಿದ್ದರು.